ಹಾಳೆ ಕೊಟ್ಟೆಯಲ್ಲಿ ಮೆಣಸಿನ ಬಳ್ಳಿ: ಜನವರಿಯಿಂದ ಪುಷ್ಯ ಮಳೆಯವರೆಗೆ

ಜನವರಿ, ಸಂಕ್ರಾಂತಿ ಕಳೆದು ನಾಲ್ಕು ದಿನ

ಅಡಿಕೆ ತೋಟದ ಬಸಿಗಾಲುವೆಯ ಹೂಳು ತೆಗೆಸುತ್ತಿದ್ದೆವು. ಒಂದು ಮರದ ಬುಡದ ಹತ್ತಿರ ಗುದ್ದಲಿಗೆ ಏನೋ ಸಿಕ್ಕಿ ಜಗ್ಗಿತು. ಎಳೆದರೆ ಬಂದದ್ದು ಕರಿ ಪ್ಲಾಸ್ಟಿಕ್ ಕೊಟ್ಟೆ, ಸಸಿ ಬೆಳೆಸುವ ಚೀಲ. ಆರು ವರ್ಷದ ಹಿಂದೆ ಮೆಣಸಿನ ಸಸಿ ತಂದು ನೆಡುವಾಗ ಮಳೆಯ ಗಡಿಬಿಡಿಯಲ್ಲಿ ಕೊಟ್ಟೆ ಸೀಳದೆ ಹಾಗೇ ಹುಗಿದುಬಿಟ್ಟಿದ್ದೆವು ಅಂತ ಕಾಣುತ್ತದೆ. ಮಣ್ಣು ತೊಳೆದು ಕೈಯಲ್ಲಿ ಹಿಡಿದು ನೋಡಿದೆ. ಪ್ಲಾಸ್ಟಿಕ್ಕಿಗೆ ಏನೂ ಆಗಿರಲಿಲ್ಲ. ನೀರು ಬಸಿಯಲು ಹೊಡೆದ ತೂತುಗಳ ಅಂಚು ಸಹ ಹೊಸದರಂತೆ ದುಂಡಗಿತ್ತು. ಒಳಗೆ ಬೇರು ಚಕ್ಕುಲಿ ಸುತ್ತಿದ ಹಾಗೆ ಸುತ್ತಿಕೊಂಡು ಒಣಗಿತ್ತು. ಎರಡೇ ಎರಡು ಬೇರು ತೂತಿನಿಂದ ಹೊರಗೆ ಹೋಗಿದ್ದವು, ತೂತಿನ ಬಾಯಲ್ಲಿ ದಾರ ಬಿಗಿದಂತೆ ಸಣ್ಣಗಾಗಿ. ಆ ಮರಕ್ಕೆ ಬಳ್ಳಿ ಯಾಕೆ ಏರಲಿಲ್ಲ ಅಂತ ನಾವು ಇಷ್ಟು ವರ್ಷ ಕೊಳೆರೋಗವನ್ನು ಬೈದುಕೊಂಡೇ ಬಂದಿದ್ದೆವು.

ಸಂಜೆಯೊಳಗೆ ಅದೊಂದೇ ಕಾಲುವೆಯಲ್ಲಿ ಇಂಥ ಹರಕುಗಳು 31 ಸಿಕ್ಕವು. ಜೊತೆಗೆ ಹಾಲಿನ ಕವರಿನ ಮೂಲೆ ತುಂಡುಗಳು, ಉಗುರಿನಷ್ಟೇ ದೊಡ್ಡವು, ಲೆಕ್ಕ ಹಾಕಲಿಲ್ಲ. ಕಾಲುವೆ ನೀರು ಹಳ್ಳಕ್ಕೆ ಹೋಗುತ್ತದೆ, ಹಳ್ಳ ವರದೆಗೆ. ವರದಾಮೂಲದಲ್ಲಿ ತೀರ್ಥ ಅಂತ ತಲೆಗೆ ಚಿಮುಕಿಸಿಕೊಂಡು ಬರುವ ಅದೇ ವರದೆ, ಗಳಗನಾಥದ ಹತ್ತಿರ ತುಂಗಭದ್ರೆ ಸೇರುವವರೆಗೆ ಎಷ್ಟು ಊರಿನ ಗದ್ದೆಗೆ ಹಾಯುತ್ತದೋ. ನಮ್ಮ ತೋಟದ ಕೊಟ್ಟೆ ಅಲ್ಲಿಗೂ ಹೋಗಿರಬೇಕು. ರಾತ್ರಿ ಊಟ ಸರಿಯಾಗಿ ಸೇರಲಿಲ್ಲ.

ಅವತ್ತಿನಿಂದ ಅಡುಗೆಮನೆಯಲ್ಲಿ ಒಂದು ಬದಲಾವಣೆ: ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸುವುದಿಲ್ಲ, ಅರ್ಧ ಸೀಳಿ ಅಲ್ಲೇ ಅಂಟಿಕೊಂಡಿರಲು ಬಿಡುತ್ತೇವೆ. ಕವರು ತೊಳೆದು ಒಣಗಿಸಿ ಗುಜರಿಗೆ ಹೋಗುತ್ತದೆ, ಮೂಲೆಯೂ ಅದರ ಜೊತೆಗೇ ಹೋಗುತ್ತದೆ. ಬಿಡಿ ತುಂಡಾದರೆ ಅದನ್ನು ಯಾರೂ ಹೆಕ್ಕುವುದಿಲ್ಲ.

ಫೆಬ್ರವರಿ ಮೊದಲ ವಾರ

ಈ ವರ್ಷ ಮೆಣಸಿನ ಸಸಿಯನ್ನು ಮನೆಯಲ್ಲೇ ಮಾಡುವುದು, ಕೊಟ್ಟೆಯನ್ನು ಅಡಿಕೆ ಹಾಳೆಯಲ್ಲಿ, ಅಂದರೆ ಸೋಗೆಯ (ಗರಿಯ) ಬುಡದ ಅಗಲ ಪೊರೆಯಲ್ಲಿ, ಮಾಡುವುದು ಅಂತ ತೀರ್ಮಾನಿಸಿದೆ.

ಯಾಕೆ ಹಾಳೆ? ಕಾಲಡಿಗೇ ಬಿದ್ದಿದೆ, ಅದಕ್ಕೆ. ಒಂದು ಅಡಿಕೆ ಮರ ವರ್ಷಕ್ಕೆ ಐದರಿಂದ ಏಳು ಸೋಗೆ ಉದುರಿಸುತ್ತದೆ, ಪ್ರತಿ ಸೋಗೆಗೂ ಒಂದು ಹಾಳೆ. ಎಕರೆಗೆ 550 ಮರ ಹಿಡಿದರೂ ಮೂರು ಸಾವಿರ ಹಾಳೆ. ಸ್ವಲ್ಪ ಕೊಟ್ಟಿಗೆಗೆ ದನದ ಮೇವಾಗುತ್ತದೆ, ಸ್ವಲ್ಪ ತಟ್ಟೆ ಮಾಡುವವರಿಗೆ ಹೋಗುತ್ತದೆ, ಉಳಿದದ್ದು ಮರದ ಬುಡಕ್ಕೆ ಮುಚ್ಚಿಗೆ. ತಟ್ಟೆ ಮಾಡುವವರಿಗೂ ಈಗ ಮೊದಲಿನ ಓಟ ಇಲ್ಲ. 2025ರ ಮೇನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಹಾಳೆ ತಟ್ಟೆಯ ಆಮದಿಗೆ ತಡೆ ಹಾಕಿತು, ಅಡಿಕೆಯಲ್ಲಿರುವ ಅರೆಕೊಲೀನ್‌ನಂಥ ಅಂಶಗಳು ಊಟದೊಳಗೆ ಸೇರಬಹುದು ಅನ್ನುವ ಕಾರಣಕ್ಕೆ. ಸಸಿ ಬೆಳೆಸುವ ಕೊಟ್ಟೆಗೆ ಆ ತಕರಾರು ಇಲ್ಲ.

ಇನ್ನೊಂದು ಕಾರಣವೂ ಇದೆ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ಪಟ್ಟಿಯಲ್ಲಿ ತಟ್ಟೆ, ಲೋಟ, ಚಮಚ, ಸ್ಟ್ರಾ ಎಲ್ಲ ಇವೆ, ನರ್ಸರಿ ಕೊಟ್ಟೆ ಇಲ್ಲ. ಅಂದರೆ ಅದನ್ನು ಬಿಡುವುದು ಬಿಡದಿರುವುದು ನಮ್ಮ ನಮ್ಮ ಕೈಯಲ್ಲೇ ಇದೆ.

ಅತ್ತೆ ಕೇಳಿ ಹೇಳಿದ್ದು: "ಮೊದಲು ಅಡಿಕೆ ಕೊನೆಗೆ ಕಟ್ಟುವ ಕೊಟ್ಟೆಯನ್ನೇ ಕರಡದ ಹುಲ್ಲಲ್ಲಿ ಹೆಣೀತಿದ್ವಲ್ಲೇ, ಮಳೆಗಾಲ ಪೂರ್ತಿ ಮರದ ಮೇಲೆ ತಡೀತಿತ್ತು. ಇದೇನು ಮಹಾ, ನೆಲದ ಮೇಲೆ ಮೂರು ತಿಂಗಳು ತಾನೆ?" ಅವರ ಆ 'ಮೂರು ತಿಂಗಳು' ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮೆಣಸಿನ ಕಡ್ಡಿಯನ್ನು ಫೆಬ್ರವರಿ, ಮಾರ್ಚಲ್ಲಿ ಕೊಟ್ಟೆಗೆ ಹಾಕಿದರೆ ಜೂನಿಗೆ ನೆಡಲು ತಯಾರು. ಅಷ್ಟು ದಿನದ ಕೆಲಸಕ್ಕೆ ನೂರಾರು ವರ್ಷ ಕೊಳೆಯದ ಸಾಮಾನು ಯಾಕೆ ಬೇಕು? ಅಡಿಕೆ ಸಸಿಯ ಮಾತು ಬೇರೆ, ಅದು ಕೊಟ್ಟೆಯಲ್ಲಿ ವರ್ಷದ ಮೇಲೆ ಇರಬೇಕು. ಹಾಳೆ ಅಷ್ಟು ದಿನ ಬಾಳುವುದಿಲ್ಲ, ಅದಕ್ಕೆ ಕೈಹಾಕಲಿಲ್ಲ.

ಫೆಬ್ರವರಿ, ಶಿವರಾತ್ರಿ ಹೊತ್ತಿಗೆ

ಮಾಡುವ ರೀತಿ ಕೈಗೆ ಹತ್ತಲು ಹತ್ತು ದಿನ ಬೇಕಾಯಿತು.

ಒಣ ಹಾಳೆ ಮಡಿಸಿದರೆ ಮುರಿಯುತ್ತದೆ. ಹಿಂದಿನ ರಾತ್ರಿ ಬಾನಿಯಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿಡಬೇಕು. ಬೆಳಿಗ್ಗೆಗೆ ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತದೆ, ಹಾಳೆ ಚರ್ಮದ ಹಾಗೆ ಬಾಗುತ್ತದೆ. ಎರಡು ರಾತ್ರಿ ಬಿಟ್ಟರೆ ಲೋಳೆಯಾಗಿ ವಾಸನೆ ಬರುತ್ತದೆ.

ಮೊದಲು ನಾನು ಹಾಳೆಯನ್ನು ಅಡ್ಡಡ್ಡ ಸುತ್ತಿದ್ದೆ. ಒದ್ದೆಯಿರುವಾಗ ಚೆನ್ನಾಗಿಯೇ ಕಂಡಿತು. ಬಿಸಿಲಿಗೆ ಇಟ್ಟು ಮಧ್ಯಾಹ್ನ ಬಂದು ನೋಡಿದರೆ ಹದಿನೆಂಟೂ ಬಿಚ್ಚಿಕೊಂಡು ಚಪ್ಪಟೆಯಾಗಿ ಬಿದ್ದಿದ್ದವು. ಆಮೇಲೆ ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ. ನಾರೆಲ್ಲ ಮೇಲಿನಿಂದ ಕೆಳಕ್ಕೆ ಉದ್ದುದ್ದ ಓಡಿದೆ. ಮರದ ಮೇಲಿರುವಾಗಲೂ ಹಾಳೆ ಆ ನಾರನ್ನು ನಿಲ್ಲಿಸಿಕೊಂಡೇ ಕಾಂಡವನ್ನು ತಬ್ಬಿರುತ್ತದೆ. ಅದೇ ಬಾಗಿನಲ್ಲಿ ಸುತ್ತಿದರೆ ಒಣಗಿದಷ್ಟೂ ಬಿಗಿಯಾಗುತ್ತದೆ.

ಈಗಿನ ಅಳತೆ: ಒಂದಡಿ ಅಗಲ, ಒಂಬತ್ತು ಇಂಚು ಎತ್ತರ. ನಾರು ನಿಂತಿರಬೇಕು, ನುಣುಪು ಮೈ ಒಳಗೆ. ಕೆಳ ಅಂಚಿನಲ್ಲಿ ಎರಡಿಂಚು ಆಳಕ್ಕೆ ಕತ್ತರಿಸಿ ನಾಲ್ಕು ನಾಲಿಗೆ ಮಾಡಿ, ಕೊಳವೆ ಸುತ್ತಿ, ನಾಲಿಗೆಗಳನ್ನು ಒಂದರ ಮೇಲೊಂದು ಒಳಕ್ಕೆ ಮಡಿಸುವುದು. ನಡುವೆ ಉಳಿಯುವ ಸಂದಿಯೇ ನೀರು ಬಸಿಯುವ ದಾರಿ. ಜೋಡಣೆಗೆ ಮೊದಲು ಸ್ಟೇಪ್ಲರ್ ಹೊಡೆದೆ. ಒದ್ದೆ ಹಾಳೆಯಲ್ಲಿ ಪಿನ್ನು ಮೂರೇ ದಿನಕ್ಕೆ ತುಕ್ಕು ಹಿಡಿಯಿತು, ಮೇಲಾಗಿ ಬರಿಗಾಲಲ್ಲಿ ಓಡಾಡುವ ತೋಟದ ಮಣ್ಣಿಗೆ ಕಬ್ಬಿಣದ ಚೂರು ಹಾಕಲು ಮನಸ್ಸು ಬರಲಿಲ್ಲ. ಊಟದೆಲೆ ಹಚ್ಚುವ ಹಾಗೆ ಹಿಡಿಕಡ್ಡಿ ಚುಚ್ಚುವುದೇ ಸರಿ, ಕೊಟ್ಟೆಗೆ ಎರಡು ಕಡ್ಡಿ ಸಾಕು.

ಎಲೆಚುಕ್ಕಿ ರೋಗ ಬಂದ ಮರದ ಹಾಳೆ ಒಂದನ್ನೂ ತೆಗೆದುಕೊಂಡಿಲ್ಲ. ನಮ್ಮ ಕೆಳಗಿನ ತೋಟದಲ್ಲಿ ಆ ರೋಗ ಇದೆ, ಅಲ್ಲಿಂದ ಹೊತ್ತು ತಂದು ಸಸಿಮಡಿಗೆ ಅಂಟಿಸುವುದು ಬೇಡ.

ಮಾರ್ಚ್ 4

120 ಹಾಳೆ ಕೊಟ್ಟೆ ಆದವು. ಮೊದಲ ಮೂವತ್ತನ್ನು ಸರಿಯಾಗಿ ಒಣಗಿಸದೆ ಪೇರಿಸಿಟ್ಟಿದ್ದೆ, ಬೂಷ್ಟು ಹತ್ತಿತು. ಬಿಸಿಲಿಗೆ ಹಾಕಿ ಒರೆಸಿದ ಮೇಲೂ ಕಲೆ ಹೋಗಲಿಲ್ಲ. ಅವನ್ನೆಲ್ಲ ಗೊಬ್ಬರದ ಗುಂಡಿಗೆ ಹಾಕಿ ಹೊಸದಾಗಿ ಮಾಡಿದೆ.

ಮೂರು ಪಾಲು ಮಾಡಿದ್ದೇನೆ. 40 ಬರಿ ಹಾಳೆ. 40ರ ಮಣ್ಣಿಗೆ ಟ್ರೈಕೋಡರ್ಮಾ ಅನ್ನುವ ಉಪಕಾರಿ ಶಿಲೀಂಧ್ರ ಬೆರೆಸಿದ ಗೊಬ್ಬರ. ಮೆಣಸಿನ ಸೊರಗು ರೋಗಕ್ಕೆ ಅದು ಒಳ್ಳೆಯ ಕಾವಲು. ಇನ್ನು 40 ಕೊಟ್ಟೆಗಳನ್ನು ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿ ಉಳಿದ ಒಗರು ನೀರಿನಲ್ಲಿ, ಒಂದು ರಾತ್ರಿ ಅದ್ದಿ ಒಣಗಿಸಿದ್ದು. ಚೊಗರು ಅಟ್ಟದ ಕೆಳಗೆ ಕೊಡದಲ್ಲಿ ಉಳಿದಿತ್ತು. ಹೆಗ್ಗೋಡಿನ ಚರಕ ಕೈಮಗ್ಗ ಸಂಸ್ಥೆಯ ಬಟ್ಟೆಗಳಲ್ಲಿ ಅದೇ ಚೊಗರಿನ ಬಣ್ಣ ನೋಡಿದಾಗಲೆಲ್ಲ ಇದರ ಒಗರಿಗೆ ಎಷ್ಟು ಶಕ್ತಿ ಅನ್ನಿಸುತ್ತಿತ್ತು. ಒಗರು ಇದ್ದಲ್ಲಿ ಬೂಷ್ಟಿಗೆ ಬೇಗ ಹಿಡಿತ ಸಿಗುವುದಿಲ್ಲ, ಹಾಳೆಗೂ ಆಗಬಹುದು ಅಂತ ಲೆಕ್ಕ.

ಹೋಲಿಸಲು ಮನೆಯಲ್ಲಿದ್ದ ಹಳೆ ಪ್ಲಾಸ್ಟಿಕ್ ಕೊಟ್ಟೆ 40 ತೊಳೆದು ಪಕ್ಕದಲ್ಲೇ ಇಟ್ಟೆ. ಮಣ್ಣು ಎರಡು ಪಾಲು, ಮರಳು ಒಂದು, ಕೊಟ್ಟಿಗೆ ಗೊಬ್ಬರ ಒಂದು. ಮಣ್ಣನ್ನು ಬಿಸಿಲಲ್ಲಿ ಕಾಯಿಸಲು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನೇ ಹೊದಿಸಿದ್ದೇನೆ, ಅದಕ್ಕೆ ಬೇರೆ ಉಪಾಯ ಸಿಕ್ಕಿಲ್ಲ. ಮಡಿಸಿ ಎತ್ತಿಟ್ಟಿದ್ದೇನೆ, ಬರುವ ವರ್ಷವೂ ಅದೇ ಹಾಳೆ.

ಕಡ್ಡಿಗಳು ಪಣಿಯೂರು-1 ಮತ್ತು ಮಲ್ಲಿಗೆಸರ ತಳಿಯವು, ನೆಲಕ್ಕೆ ಹಬ್ಬಿದ ಬಳ್ಳಿಯಿಂದ ತೆಗೆದದ್ದು, ಒಂದೊಂದಕ್ಕೂ ಮೂರು ಗಿಣ್ಣು.

ಏಪ್ರಿಲ್

ಒರಲೆ (ಗೆದ್ದಲು) ಬಂತು. ನೆಲಕ್ಕೇ ಇಟ್ಟಿದ್ದೆ, ತಪ್ಪು ನನ್ನದೇ. ಬೆಳಿಗ್ಗೆ ನೀರು ಹಾಕಲು ಹೋದಾಗ ಬರಿ ಹಾಳೆಯ ಪಾಲಿನಲ್ಲಿ ಒಂದು ಕೊಟ್ಟೆ ಎತ್ತಿದೆ, ತಳ ಅಲ್ಲೇ ಉಳಿಯಿತು, ಮಣ್ಣು ಕಾಲ ಮೇಲೆ ಸುರಿಯಿತು. ಒಂಬತ್ತು ಹೀಗೆ ಹೋದವು. ಚೊಗರಿನದ್ದರ ತಳ ಕೆರೆದ ಗುರುತು ಇತ್ತು, ತೂತಾಗಿರಲಿಲ್ಲ. ಅವತ್ತೇ ಅಡಿಕೆ ದಬ್ಬೆ ಸೀಳಿ ಮೊಣಕಾಲೆತ್ತರದ ಅಟ್ಟಣಿಗೆ ಹಾಕಿಸಿ, ಗೂಟಗಳ ಬುಡಕ್ಕೆ ಬಚ್ಚಲೊಲೆಯ ಬೂದಿ ಸುರಿದೆ. ಆಮೇಲೆ ಕಾಟ ಇಲ್ಲ.

ಎತ್ತರಕ್ಕೆ ಏರಿಸಿದ್ದರಿಂದ ನಾನು ಎಣಿಸಿರದ ಲಾಭವೂ ಆಯಿತು. ಮೇ ಹೊತ್ತಿಗೆ ಬೇರಿನ ತುದಿಗಳು ನಾಲಿಗೆಯ ಸಂದಿಯಿಂದ ಹೊರಗೆ ಇಣುಕಿ, ಗಾಳಿ ತಾಗಿ ಅಲ್ಲೇ ಒಣಗಿ ನಿಲ್ಲುತ್ತಿದ್ದವು, ಒಳಗೆ ಹಿಂದಿನಿಂದ ಹೊಸ ಬೇರು ಒಡೆಯುತ್ತಿತ್ತು. ಪ್ಲಾಸ್ಟಿಕ್ಕಿನದೊಂದು ಬಿಚ್ಚಿ ನೋಡಿದೆ. ತಳದಲ್ಲಿ ಆಗಲೇ ಒಂದು ಸುತ್ತು ಹಾಕಿತ್ತು.

ಕಷ್ಟವೂ ಇದೆ. ಹಾಳೆಯ ಮೈಯೆಲ್ಲ ನೀರು ಬಿಡುತ್ತದೆ. ಏಪ್ರಿಲ್ ಬಿಸಿಲಿಗೆ ದಿನಕ್ಕೆ ಎರಡು ಸಲ ನೀರು ಬೇಕಾಯಿತು, ಪ್ಲಾಸ್ಟಿಕ್ಕಿಗೆ ಒಂದೇ ಸಲ. ಬಾವಿ ಆಳಕ್ಕಿಳಿಯುವ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಕೊಟ್ಟೆಗಳನ್ನು ಒತ್ತೊತ್ತಾಗಿ ಜೋಡಿಸಿ ಸುತ್ತಲೂ ದರಕು (ತರಗೆಲೆ) ತುಂಬಿದ ಮೇಲೆ ಸ್ವಲ್ಪ ಸುಧಾರಿಸಿತು.

ಮೃಗಶಿರ ಮಳೆ, ಜೂನ್ 14

ನೆಡುವ ದಿನ. ಬದುಕಿದ ಸಸಿ: ಬರಿ ಹಾಳೆಯಲ್ಲಿ 27, ಟ್ರೈಕೋಡರ್ಮಾದಲ್ಲಿ 34, ಚೊಗರಿನಲ್ಲಿ 33, ಪ್ಲಾಸ್ಟಿಕ್ಕಿನಲ್ಲಿ 35.

ಎತ್ತಿ ಬುಟ್ಟಿಗೆ ಇಡುವಾಗ ಗೊತ್ತಾದದ್ದು: ಟ್ರೈಕೋಡರ್ಮಾ ಹಾಕಿದ ಕೊಟ್ಟೆಗಳೇ ಎಲ್ಲಕ್ಕಿಂತ ಮೊದಲು ಕೊಳೆತಿದ್ದವು. ಗಟ್ಟಿ ಉಳಿದದ್ದು 11 ಮಾತ್ರ, ಮಿಕ್ಕವನ್ನು ಎರಡೂ ಕೈಯಲ್ಲಿ ಮಗುವನ್ನು ಹಿಡಿದ ಹಾಗೆ ಹಿಡಿದು ಒಯ್ಯಬೇಕಾಯಿತು. ಯೋಚಿಸಿದರೆ ಸಹಜವೇ. ಸೋಗೆ, ದರಕನ್ನು ಬೇಗ ಗೊಬ್ಬರ ಮಾಡಲಿ ಅಂತ ಗುಂಡಿಗೆ ಹಾಕುವುದೂ ಇದೇ ಶಿಲೀಂಧ್ರವನ್ನು. ನಾರು ತಿನ್ನುವುದು ಅದರ ಸ್ವಭಾವ, ಹಾಳೆ ಇಡೀ ನಾರು. ಆದರೆ ಸಸಿಗಳು ಮಾತ್ರ ಅದರಲ್ಲೇ ಗೆಲುವಾಗಿದ್ದವು. ಚೊಗರಿನ 40ರಲ್ಲಿ 36 ಕೊಟ್ಟೆ ಕುಡುಗೋಲಿನ ಹಿಡಿಯಷ್ಟು ಗಟ್ಟಿ ಇದ್ದವು. ಬರುವ ವರ್ಷ ಎರಡನ್ನೂ ಸೇರಿಸುತ್ತೇನೆ: ಕೊಟ್ಟೆಗೆ ಚೊಗರು, ಮಣ್ಣಿಗೆ ಟ್ರೈಕೋಡರ್ಮಾ.

ಮರದ ಉತ್ತರ ಬದಿಗೆ ಗುಂಡಿ ತೆಗೆದು ಕೊಟ್ಟೆ ಸಮೇತ ಇಳಿಸಿದೆವು. ನೆಡಲು ಬಂದಿದ್ದ ಅಕ್ಕ ಅಭ್ಯಾಸದ ಮೇಲೆ ಪ್ರತಿ ಕೊಟ್ಟೆಯನ್ನೂ ಸೀಳಲು ಕತ್ತಿ ಎತ್ತುತ್ತಿದ್ದರು. "ಬೇಡಕ್ಕಾ, ಹಾಗೇ ಇಡಿ" ಅಂದರೆ, "ಹಾಗೇ ಇಟ್ರೆ ಕೊಟ್ಟೆ ಹೆಕ್ಕೋದು ಯಾವಾಗ್ರಾ ಅಮ್ಮಾ?" ಅಂದರು. ಹೆಕ್ಕುವುದೇ ಬೇಡ ಅಂದಾಗ ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದು ಸಲ ಕೊಟ್ಟೆಯ ಮೈ ಸವರಿ ನೋಡಿದರು. 94 ಸಸಿ ಮಧ್ಯಾಹ್ನದೊಳಗೆ ಮುಗಿಯಿತು. ಪ್ಲಾಸ್ಟಿಕ್ಕಿನ 35 ಸೀಳಿ, ನೆಟ್ಟು, ಕೊಟ್ಟೆ ಎಣಿಸಿ ಚೀಲಕ್ಕೆ ಹಾಕುವಷ್ಟರಲ್ಲಿ ಕತ್ತಲಾಯಿತು. ಎಣಿಸಿದಾಗ 34 ಇತ್ತು. ಇನ್ನೊಂದನ್ನು ಮರುದಿನ ಮಳೆಯಲ್ಲಿ ಹುಡುಕಿ ತಂದೆ.

ಪುನರ್ವಸು ಮಳೆ ಮುಗಿಯುವಾಗ

ಎಂಟು ದಿನ ಬಿಡದೆ ಸುರಿಯಿತು. ಆರು ಸಸಿ ಸತ್ತವು, ಎಲ್ಲವೂ ಹಾಳೆ ಕೊಟ್ಟೆಯವು, ಅದರಲ್ಲೂ ಐದು ಚೊಗರಿನವು. ಹೋಗಿ ನೋಡಿದರೆ ಕೊಟ್ಟೆಯ ಬಾಯಿ ಮಣ್ಣಿನಿಂದ ಎರಡು ಬೆರಳು ಮೇಲೆ ನಿಂತು ಬಟ್ಟಲಿನ ಹಾಗಾಗಿತ್ತು. ಅದರೊಳಗೆ ನೀರು ನಿಂತು ಬಳ್ಳಿಯ ಕೊರಳು ಕೊಳೆತಿತ್ತು. ಮೆತ್ತಗಾದ ಬರಿ ಹಾಳೆ ತಾನೇ ಕುಸಿದು ನೀರಿಗೆ ದಾರಿ ಬಿಟ್ಟಿತ್ತು. ಗಟ್ಟಿಯಿದ್ದದ್ದೇ ಚೊಗರಿನ ಕೊಟ್ಟೆಗೆ ಮುಳುವಾಯಿತು. ಛತ್ರಿ ಹಿಡಿದು ಒಂದೊಂದೇ ಮರಕ್ಕೆ ಹೋಗಿ ಉಳಿದ 88ರ ಅಂಚನ್ನೂ ಹರಿದು ಹಾಕಿ ಮಣ್ಣು ಏರಿಸಿ ಬಂದೆ. ನೆಡುವಾಗಲೇ ಅಂಚು ಹರಿಯಬೇಕು ಅಂತ ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ.

ಪುಷ್ಯ ಮಳೆ, ಜುಲೈ 29

ನೋಡದೆ ಮನಸ್ಸು ತಡೆಯಲಿಲ್ಲ. ಚೊಗರಿನ ಪಾಲಿನಿಂದ ಒಂದನ್ನು ಪಕ್ಕದಿಂದ ಮೆಲ್ಲಗೆ ಬಿಡಿಸಿದೆ. ಹಾಳೆ ಕಪ್ಪಾಗಿ, ನೆನೆದ ರಟ್ಟಿನ ಹಾಗಾಗಿದೆ. ನಾರು ನಾರಿನ ನಡುವೆ ಬಿಳಿ ಬೇರುಗಳು ಸೂಜಿ ತೂರಿಸಿದಂತೆ ಹೊರಗೆ ಬಂದಿವೆ, ಹದಿನಾಲ್ಕರವರೆಗೆ ಎಣಿಸಿದೆ. ಹಿಡಿಕಡ್ಡಿ ಇನ್ನೂ ಇದೆ. ಒಂದು ಎರೆಹುಳ ಹಾಳೆಯ ಮಡಿಕೆಯೊಳಗೇ ಮಲಗಿತ್ತು, ಅದನ್ನು ಅಲ್ಲೇ ಬಿಟ್ಟು ಮಣ್ಣು ಮುಚ್ಚಿದೆ.

ಖರ್ಚು ಕೇಳಿದವರಿಗೆ: ಶುರುವಿನಲ್ಲಿ ಗಂಟೆಗೆ ಒಂಬತ್ತು ಕೊಟ್ಟೆ ಆಗುತ್ತಿತ್ತು, ಈಗ ಹದಿನಾರು. ಕೂಲಿ ಲೆಕ್ಕ ಹಿಡಿದರೆ ಪ್ಲಾಸ್ಟಿಕ್ಕಿಗಿಂತ ದುಬಾರಿಯೇ. ಸಾವಿರಗಟ್ಟಲೆ ಸಸಿ ಮಾಡುವ ನರ್ಸರಿಗೆ ಇದನ್ನು ಹೀಗೇ ಒಪ್ಪಿಸಲು ಆಗದು. ಪಕ್ಕದೂರಲ್ಲಿ ತಟ್ಟೆ ಒತ್ತುವ ಯಂತ್ರ ಇಟ್ಟವರೊಬ್ಬರು ಇದ್ದಾರೆ, ಈಗ ವಾರದಲ್ಲಿ ಮೂರು ದಿನ ಯಂತ್ರ ಸುಮ್ಮನಿದೆ. ಬಿಸಿ ಅಚ್ಚಿನಲ್ಲಿ ಒತ್ತಿದರೆ ನಾಲಿಗೆಯ ಮಡಿಕೆ ಕಡ್ಡಿ ಇಲ್ಲದೆಯೇ ನಿಲ್ಲಬಹುದು ಅಂತ ಅವರ ಎಣಿಕೆ. ಅಷ್ಟು ಆಳದ ಅಚ್ಚಿಗೆ ಹಾಳೆ ಹರಿಯದೆ ಒಗ್ಗುತ್ತದೆಯೇ ಅನ್ನುವುದೇ ಪ್ರಶ್ನೆ. ಎರಡು ತುಂಡು ಮಾಡಿ ಒತ್ತಿ ಜೋಡಿಸೋಣ ಅಂತ ಮಾತಾಗಿದೆ. ಮಳೆ ಬಿಟ್ಟ ಮೇಲೆ ಐವತ್ತು ದಪ್ಪ ಹಾಳೆ ಆರಿಸಿ ಕೊಡುತ್ತೇನೆ ಅಂದಿದ್ದೇನೆ.

ಮೇಲಿನ ಸಾಲಿನ ಮೂರನೇ ಮರದಲ್ಲಿ ಮಲ್ಲಿಗೆಸರದ ಬಳ್ಳಿ ಮೊದಲ ಗಿಣ್ಣಿನ ಬೇರನ್ನು ಕಾಂಡಕ್ಕೆ ಅಂಟಿಸಿದೆ. ನಾಳೆ ಬಾಳೆ ನಾರು ತೆಗೆದುಕೊಂಡು ಹೋಗಿ ಉಳಿದವನ್ನೂ ಕಟ್ಟಬೇಕು.