ಮಾಸು ಬೀಳುವ ತನಕ ಕಾಯಬೇಡಿ

ಮೇಕೆ ಈದ ಕೂಡಲೇ ಹಳ್ಳಿಗಳಲ್ಲಿ ಇವತ್ತಿಗೂ ಒಂದು ಮಾತು ಕೇಳುತ್ತದೆ: "ಮಾಸು ಬೀಳ್ಲಿ, ಆಮೇಲೆ ಮರೀನ ಹಾಲಿಗೆ ಬಿಡೋಣ." ಎಷ್ಟೋ ಮರಿಗಳು ಉಳಿಯದೆ ಹೋಗುವುದು ಹೀಗೆ ಕಾಯುವುದರಿಂದಲೇ. ಮಾಸು, ಅಂದರೆ ಮರಿಯ ಹಿಂದೆ ಹೊರಬೀಳುವ ಗರ್ಭದ ಪೊರೆ, ಕೆಲವು ಕಡೆ ಸತ್ತೆ ಅನ್ನುವುದು, ಒಂದು ಗಂಟೆಗೂ ಬೀಳಬಹುದು, ಎಂಟು ಗಂಟೆಗೂ ಬೀಳಬಹುದು. 12 ಗಂಟೆಯವರೆಗೆ ಗಾಬರಿ ಬೇಡ, ಆದರೆ ಅದನ್ನು ಕೈಯಿಂದ ಎಳೆಯಲೇಬಾರದು. ಮರಿಗೆ ಮಾತ್ರ ಅಷ್ಟು ಹೊತ್ತು ಇಲ್ಲ. ಅಲ್ಲದೆ ಮರಿ ಮೊಲೆ ಚೀಪಿದಾಗ ತಾಯಿಯ ಗರ್ಭಕೋಶ ಕುಗ್ಗುತ್ತದೆ, ಮಾಸು ಬೀಳಲು ಅದೇ ನೆರವಾಗುತ್ತದೆ.

ಅವಸರ ಯಾಕೆಂದರೆ, ಮೇಕೆಯ ಹೊಟ್ಟೆಯಲ್ಲಿರುವಾಗ ತಾಯಿಯ ರೋಗನಿರೋಧಕ ಶಕ್ತಿ ಮರಿಗೆ ದಾಟುವುದಿಲ್ಲ. ಅದು ಸಿಗುವುದು ಗಿಣ್ಣು ಹಾಲಿನಲ್ಲಿ. ಆ ಹಾಲಿನ ರಕ್ಷಕ ಅಂಶಗಳನ್ನು ಮರಿಯ ಕರುಳು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುವುದು ಹುಟ್ಟಿದ ಮೊದಲ ಕೆಲವು ಗಂಟೆ ಮಾತ್ರ. ಆರು ಗಂಟೆ ದಾಟಿದ ಮೇಲೆ ಆ ಬಾಗಿಲು ಮುಚ್ಚುತ್ತಾ ಬರುತ್ತದೆ, 24 ಗಂಟೆಗೆ ಪೂರ್ತಿ ಮುಚ್ಚಿರುತ್ತದೆ. ಈಯುವುದಕ್ಕೆ ಮೂರ್ನಾಲ್ಕು ವಾರ ಮುಂಚೆ ತಾಯಿಗೆ ಕರುಳುಬೇನೆಯ ಲಸಿಕೆ, ಅಂದರೆ ಇ.ಟಿ. ಹಾಕಿಸಿ ಅನ್ನುವುದೂ ಇದೇ ಕಾರಣಕ್ಕೆ. ಲಸಿಕೆಯ ಫಲ ಗಿಣ್ಣಿನ ಮೂಲಕ ಮರಿಗೆ ಸೇರುತ್ತದೆ.

ಗಬ್ಬ ಸುಮಾರು 150 ದಿನ. ಹೋತ ಹಾರಿದ ತಾರೀಖು ಬರೆದಿಟ್ಟಿದ್ದರೆ 145ನೇ ದಿನಕ್ಕೆ ತಾಯಿಯನ್ನು ಬೇರೆ ಮೂಲೆಗೆ ಕಟ್ಟಬಹುದು. ನೆಲ ಒಣಗಿರಲಿ, ಮೇಲೆ ಒಣಹುಲ್ಲು ಹಾಸಿ. ಅಟ್ಟಣಿಗೆ ಕೊಟ್ಟಿಗೆಯಾದರೆ ಹಲಗೆಗಳ ಸಂದಿನಲ್ಲಿ ಮರಿಯ ಕಾಲು ಸಿಕ್ಕಿ ಮುರಿಯುತ್ತದೆ, ಆ ಜಾಗಕ್ಕೆ ಗೋಣಿ ಅಥವಾ ಅಗಲದ ಹಲಗೆ ಹಾಸಲೇಬೇಕು.

ಸರಿಯಾಗಿ ಬರುವ ಮರಿಯ ಮುಂಗಾಲು ಎರಡೂ ಮುಂದೆ, ಅದರ ಮೇಲೆ ಮೂತಿ. ತಾಯಿ ಜೋರಾಗಿ ಮುಕ್ಕಲು ಶುರು ಮಾಡಿ ಅರ್ಧ ಗಂಟೆಯಾದರೂ ಏನೂ ಕಾಣದಿದ್ದರೆ, ಅಥವಾ ತಲೆ ಬಂದು ಕಾಲು ಕಾಣದಿದ್ದರೆ, ಪಶುವೈದ್ಯರನ್ನು ಕರೆಯಿರಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಸಿಗುತ್ತದೆ. ಅಂದಾಜಿನ ಮೇಲೆ ಎಳೆದರೆ ತಾಯಿ, ಮರಿ ಎರಡಕ್ಕೂ ಅಪಾಯ.

ಮರಿ ಹೊರಬಿದ್ದ ಮೇಲೆ ಮೂಗು, ಬಾಯಿಯ ಲೋಳೆ ಒರೆಸಿ. ಉಸಿರು ತಡವಾದರೆ ಹುಲ್ಲುಕಡ್ಡಿಯಿಂದ ಮೂಗಿನ ಹೊಳ್ಳೆ ಕೆಣಕಿ, ಗೋಣಿಬಟ್ಟೆಯಿಂದ ಎದೆ ಉಜ್ಜಿ. ಮಿಕ್ಕಿದ್ದನ್ನು ತಾಯಿ ನೆಕ್ಕಲಿ. ಮರಿಯನ್ನು ನೀರಿನಲ್ಲಿ ತೊಳೆಯಬಾರದು. ಆ ವಾಸನೆಯಿಂದಲೇ ತಾಯಿ ತನ್ನ ಮರಿಯನ್ನು ಗುರುತು ಹಿಡಿಯುವುದು.

ಹೊಕ್ಕುಳ ಬಳ್ಳಿ ತಾನಾಗಿ ಹರಿದಿದ್ದರೆ ಒಳ್ಳೆಯದು. ಉದ್ದವಾಗಿ ನೇತಾಡುತ್ತಿದ್ದರೆ ಎರಡು ಇಂಚು ಬಿಟ್ಟು ಕತ್ತರಿಸಿ, ರಕ್ತ ಬಂದರೆ ಶುದ್ಧ ದಾರದಿಂದ ಕಟ್ಟಿ. ಸಣ್ಣ ಬಟ್ಟಲಲ್ಲಿ ಟಿಂಕ್ಚರ್ ಅಯೋಡಿನ್ ಹಾಕಿ, ಬಳ್ಳಿಯನ್ನು ಬುಡದವರೆಗೆ ಅದ್ದಿ. ಮೇಲೆ ಬರೀ ಸವರಿದರೆ ಸಾಲದು. ಸಂಜೆ ಇನ್ನೊಮ್ಮೆ ಅದ್ದಿ. ಸಗಣಿ, ಬೂದಿ ಮೆತ್ತುವುದು ಧನುರ್ವಾಯುವಿಗೆ ದಾರಿ. ಒಂದೆರಡು ವಾರದಲ್ಲಿ ಮರಿಯ ಮೊಣಕಾಲು ಊದಿ ಕುಂಟಿದರೆ, ಸೋಂಕು ಹೊಕ್ಕುಳಿನಿಂದ ಕೀಲಿಗೆ ಇಳಿದಿದೆ ಎಂದೇ ಅನುಮಾನಿಸಬೇಕು. ತಡಮಾಡಿದರೆ ಕಾಲು ಸರಿಹೋಗುವುದಿಲ್ಲ.

ಈಗ ಹಾಲು. ಮೊದಲು ಎರಡೂ ಮೊಲೆಯಿಂದ ಒಂದೆರಡು ಸೆಳೆ ಕರೆಯಿರಿ. ತುದಿಯಲ್ಲಿ ಮೇಣದಂಥ ಬಿರಡೆ ಇರುತ್ತದೆ. ಅದು ಹೋಗದಿದ್ದರೆ ಮರಿ ಎಷ್ಟು ಚೀಪಿದರೂ ಹಾಲು ಬಾರದು, ನೋಡುವವರಿಗೆ ಮಾತ್ರ ಕುಡಿಯುತ್ತಿದೆ ಅನ್ನಿಸುತ್ತದೆ. 2 ಕೆ.ಜಿ. ಮರಿಗೆ ಮೊದಲ ಒಂದೆರಡು ಗಂಟೆಯೊಳಗೆ 100 ಮಿ.ಲೀ., ಇಡೀ ದಿನಕ್ಕೆ ನಾಲ್ಕೈದು ಸಲವಾಗಿ 300ರಿಂದ 400 ಮಿ.ಲೀ. ಗಿಣ್ಣು ಹೋಗಬೇಕು. ಕುಡಿದಿದೆಯೋ ಇಲ್ಲವೋ ಎಂದು ಹೊಟ್ಟೆ ಮುಟ್ಟಿ ನೋಡಿ. ಪಕ್ಕೆ ತುಂಬಿರಬೇಕು, ಬಿಗಿದು ಉಬ್ಬಿರಬಾರದು.

ಒಂಟಿ ಮರಿ ಈದ, ಚೆನ್ನಾಗಿ ಹಾಲಿರುವ ಮೇಕೆಯ ಗಿಣ್ಣು ಮಿಕ್ಕರೆ 100 ಮಿ.ಲೀ. ಪೊಟ್ಟಣ ಕಟ್ಟಿ ಫ್ರೀಜರ್‌ನಲ್ಲಿಡಿ. ತಾಯಿ ಸತ್ತ ಮರಿಗೆ, ಮೂರು ಮರಿ ಈದ ಮೇಕೆಗೆ ಅದು ಬೇಕಾಗುತ್ತದೆ. ಕರಗಿಸುವಾಗ ಒಲೆ ಬೇಡ. ಗಿಣ್ಣು ಹಾಲನ್ನು ಕಾಯಿಸಿದರೆ ಏನಾಗುತ್ತದೆಂದು ನಮ್ಮ ಅಡುಗೆಮನೆಗಳಿಗೆ ಚೆನ್ನಾಗಿ ಗೊತ್ತು: ಗಟ್ಟಿಕಟ್ಟುತ್ತದೆ. ಹಾಗೆ ಗಟ್ಟಿಯಾಗುವುದರಲ್ಲಿ ಮರಿಗೆ ಬೇಕಾದ ರಕ್ಷಕ ಪ್ರೋಟೀನೂ ಸೇರಿದೆ. ಪೊಟ್ಟಣವನ್ನು ಕೈ ಸುಡದಷ್ಟು ಬಿಸಿಯ ನೀರಿನಲ್ಲಿ ನಿಧಾನಕ್ಕೆ ಕರಗಿಸಿ.

ಚಳಿಗಾಲದಲ್ಲೂ ಮಲೆನಾಡಿನ ಮಳೆಯಲ್ಲೂ ಹುಟ್ಟಿದ ಮರಿಯ ಬಾಯೊಳಗೆ ಬೆರಳಿಟ್ಟು ನೋಡುವುದನ್ನು ರೂಢಿ ಮಾಡಿಕೊಳ್ಳಿ. ಬಾಯಿ ಬೆಚ್ಚಗಿದ್ದು ಬೆರಳು ಚೀಪಿದರೆ ಚಿಂತೆಯಿಲ್ಲ. ತಣ್ಣಗಿದ್ದರೆ ಥರ್ಮಾಮೀಟರ್ ಹಚ್ಚಿ. 101.5ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್ ಸಹಜ, 99ಕ್ಕಿಂತ ಕೆಳಗಿದ್ದರೆ ಅಪಾಯ. ಅಂಥ ಮರಿಗೆ ಒತ್ತಾಯದಿಂದ ಹಾಲು ಕುಡಿಸಬೇಡಿ. ನುಂಗುವ ಶಕ್ತಿ ಇಲ್ಲದೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲು ಒಣಗಿಸಿ, ಬಿಸಿನೀರಿನ ಬಾಟಲಿಗಳನ್ನು ಬಟ್ಟೆ ಸುತ್ತಿ ಪಕ್ಕಕ್ಕಿಟ್ಟು ಬೆಚ್ಚಗೆ ಮಾಡಿ, ಆಮೇಲೆ ಹಾಲು. ಹುಟ್ಟಿ ಐದು ಗಂಟೆ ದಾಟಿದ, ಏನೂ ಕುಡಿಯದ ಮರಿಯ ವಿಷಯ ಬೇರೆ. ಅದರ ಮೈಯಲ್ಲಿ ಸಕ್ಕರೆ ಅಂಶ ತೀರಿರುತ್ತದೆ, ಬರೀ ಕಾವು ಕೊಟ್ಟರೆ ಸೆಳೆತ ಬರಬಹುದು. ಮೊದಲು ವೈದ್ಯರಿಂದ ಗ್ಲೂಕೋಸ್ ಚುಚ್ಚುಮದ್ದು ಬೇಕು.

ಬಾಟಲಿ ಹಾಲು ಕೊಡುವಾಗ ಮರಿ ನಿಂತಿರಲಿ, ಬಾಟಲಿ ತಾಯಿಯ ಕೆಚ್ಚಲಿನ ಎತ್ತರದಲ್ಲಿರಲಿ. ಮಗುವಿನಂತೆ ಮಡಿಲಲ್ಲಿ ಅಂಗಾತ ಮಲಗಿಸಿ ಕುಡಿಸಬಾರದು. ಹಾಲು ಮೈಬಿಸಿಯಷ್ಟಿರಲಿ, ಹೊತ್ತು ತಪ್ಪದಿರಲಿ. ಒಂದೇ ಸಲ ಹೆಚ್ಚು ಕುಡಿಸಿದರೆ ಹೊಟ್ಟೆ ಉಬ್ಬರ, ಭೇದಿ.

ಮೊದಲ ಹಿಕ್ಕೆ ಕಪ್ಪಗೆ ಡಾಂಬರಿನಂತೆ ಬರುತ್ತದೆ. ಆಮೇಲಿನದು ಹಳದಿ ಅಂಟು, ಒಣಗಿ ಬಾಲದ ಕೆಳಗೆ ಗಟ್ಟಿ ಬಿಲ್ಲೆಯಾಗಿ ದ್ವಾರವನ್ನೇ ಮುಚ್ಚಿಬಿಡುತ್ತದೆ. ಮರಿ ಮುಕ್ಕುತ್ತಾ ಅರಚಿದರೆ ಮೊದಲು ಬಾಲ ಎತ್ತಿ ನೋಡಿ. ಕಿತ್ತರೆ ಚರ್ಮ ಹರಿಯುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ತೆಗೆದು, ಚೂರು ಕೊಬ್ಬರಿ ಎಣ್ಣೆ ಸವರಿ.

ಎರಡನೇ ವಾರದಿಂದ ಮರಿಯ ಮೂತಿ ಎತ್ತರಕ್ಕೆ ಅಗಸೆ, ನುಗ್ಗೆ, ಹಲಸಿನ ಎಳೆ ಸೊಪ್ಪು ಕಟ್ಟಿ. ಪಕ್ಕದಲ್ಲಿ ಶುದ್ಧ ನೀರು ಇರಲಿ. ಮೂರನೇ ವಾರದ ನಂತರ ರಕ್ತ ಬೆರೆತ ಭೇದಿ ಕಂಡರೆ ಅದಕ್ಕೆ ಕಾಕ್ಸಿಡಿಯಾ ಎಂಬ, ಕಣ್ಣಿಗೆ ಕಾಣದ ಕರುಳಿನ ಪರೋಪಜೀವಿ ಕಾರಣವಿರಬಹುದು. ಜಂತಿನ ಔಷಧಿಯಿಂದ ಅದು ಹೋಗುವುದಿಲ್ಲ. ಹಿಕ್ಕೆ ಪರೀಕ್ಷೆ ಮಾಡಿಸಿ.

ತಕ್ಕಡಿ ಇದ್ದರೆ ಮೊದಲ ಎರಡು ವಾರ ದಿನಾ ಬೆಳಿಗ್ಗೆ ಮರಿ ತೂಗಿ ಬರೆದಿಡಿ. ಎರಡು ದಿನ ತೂಕ ಏರದಿದ್ದರೆ ತಾಯಿಯ ಕೆಚ್ಚಲು ಹಿಡಿದು ನೋಡಿ. ಒಂದು ಭಾಗ ಬಿಸಿಯಾಗಿ ಗಟ್ಟಿಯಾಗಿದ್ದರೆ ಕೆಚ್ಚಲು ಬಾವು. ಅವಳಿಯಲ್ಲಿ ಹಸಿದಿರುವ ಮರಿ ಬೆನ್ನು ಬಾಗಿಸಿ, ತಲೆ ತಗ್ಗಿಸಿ ದೂರ ನಿಂತಿರುತ್ತದೆ. ಅರಚುವ ಮರಿಗಿಂತ ಮೊದಲು ಆ ಸುಮ್ಮನಿರುವ ಮರಿಯನ್ನು ಹಾಲಿಗೆ ಬಿಡಿ.