ನನಗೆ ಒಂದು ಗೆರೆ ಎಳೆಯೋಕೂ ಬರಲ್ಲ, ನಾನು ಇದನ್ನ ಮಾಡಬಹುದಾ?

ನನ್ನ ಅಂಟಿಸುವ ಪುಸ್ತಕ ನೋಡಿದವರಲ್ಲಿ ಹೆಚ್ಚಿನವರು ಕೇಳುವುದು ಇದನ್ನೇ. ಪುಸ್ತಕ ಅಂದರೆ ಅಂಗಡಿಯವರು ಲೆಕ್ಕ ಬರೆಯುವ ಉದ್ದನೆಯ ಪುಸ್ತಕ. ಅದರ ಹಾಳೆಗಳ ಮೇಲೆ ಬಸ್ ಟಿಕೆಟ್, ಲಗ್ನಪತ್ರಿಕೆಯ ಚೂರು, ರವಿಕೆ ಬಟ್ಟೆಯ ಅಂಚು, ಊದಿನಕಡ್ಡಿಯ ಪೊಟ್ಟಣ, ಚಹಾದ ಕಲೆ, ಒಂದಿಷ್ಟು ಬಣ್ಣ, ಅಲ್ಲಲ್ಲಿ ಸೂಜಿ ದಾರದ ಹೊಲಿಗೆ. ಇದಕ್ಕೆ ಮಿಕ್ಸೆಡ್ ಮೀಡಿಯಾ ಅಂತ ದೊಡ್ಡ ಹೆಸರಿದೆ. ಬೇರೆ ಬೇರೆ ಸಾಮಾನು ಒಂದೇ ಹಾಳೆಯಲ್ಲಿ ಸೇರುತ್ತವೆ, ಅಷ್ಟೇ.

ಖಂಡಿತ ಮಾಡಬಹುದು. ಯಾಕೆ ಅಂತ ಹೇಳೋಕೆ ನಮ್ಮ ಅಜ್ಜಿಯಿಂದ ಶುರು ಮಾಡಬೇಕು.

ನಮ್ಮ ಅಜ್ಜಿಗೆ ಸಹಿ ಮಾಡೋಕೂ ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತುತ್ತಿದ್ದಳು. ಆದರೆ ಬೇಸಿಗೆಯಲ್ಲಿ ಹೊಲದ ಕೆಲಸ ಮುಗಿಯಿತು ಅಂದರೆ ಕೌದಿ ಹೊಲಿಯಲು ಕೂರುತ್ತಿದ್ದಳು. ಅಜ್ಜನ ಹಳೆಯ ಧೋತರ ಕೆಳಗೆ. ಮೇಲೆ ಹರಿದ ಇಳಕಲ್ ಸೀರೆಗಳ ತುಂಡು, ನಮ್ಮ ಲಂಗದ ತುಂಡು, ಯಾರದೋ ಅಂಗಿಯ ತೋಳು. ಸೂಜಿ ಹಿಡಿಯುವ ಮೊದಲು ಎಲ್ಲ ತುಂಡುಗಳನ್ನೂ ಪಡಸಾಲೆಯಲ್ಲಿ ಹರಡುತ್ತಿದ್ದಳು. ಆಮೇಲೆ ಎದ್ದು ಹೋಗಿ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. ತುಂಬಾ ಹೊತ್ತು ನೋಡುತ್ತಿದ್ದಳು. "ಈ ಕೆಂಪ ಇಲ್ಲಿ ಒಂಟಿ ಆಗೇದ ನೋಡವಾ" ಅನ್ನುತ್ತಿದ್ದಳು. ನಾನು ಓಡಿ ಹೋಗಿ ಇನ್ನೊಂದು ಕೆಂಪು ಚೂರು ಹುಡುಕಿ ತರಬೇಕು. ಅದನ್ನು ಪಕ್ಕದಲ್ಲೇ ಇಡುತ್ತಿರಲಿಲ್ಲ. ಸ್ವಲ್ಪ ದೂರ, ಹಸಿರಿನ ಆಚೆ ಇಡುತ್ತಿದ್ದಳು. ಈಗ ಎರಡು ಕೆಂಪೂ ಒಂದನ್ನೊಂದು ನೋಡುತ್ತಿದ್ದವು.

ಚಿತ್ರಕಲೆಯ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಇದೇ. ಬಣ್ಣಕ್ಕೆ ಜೊತೆ ಬೇಕು.

ಕೊನೆಯ ತುಂಡು ಹಚ್ಚುವಾಗ ಒಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಿದ್ದಳು. ಕೌದಿಯ ಹೊಟ್ಟೆ ಹಸಿದಿರಬಾರದಂತೆ. ಇಲಿ ಬರುತ್ತದೆ ಅಂತ ಅಮ್ಮ ಬೈದರೂ ಬಿಡುತ್ತಿರಲಿಲ್ಲ.

ದೊಡ್ಡವಳಾದ ಮೇಲೆ ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿದ ಕೌದಿಗಳನ್ನು ನೋಡಿದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯವು. ಅವರು ಅಂಚಿನಿಂದ ಹೊಲಿಗೆ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂವು ಇರಲೇಬೇಕು. ಯಾವುದಕ್ಕೂ ನಕ್ಷೆ ಬರೆದುಕೊಳ್ಳುವುದಿಲ್ಲ. ಕೈಯಲ್ಲಿರುವ ಚೂರೇ ಮುಂದಿನ ಚೂರನ್ನು ಕೇಳುತ್ತದೆ.

ಹಾಗಾಗಿ "ಗೆರೆ ಬರಲ್ಲ" ಅಂದವರಿಗೆ ನಾನು ಹೇಳುವುದು ಇಷ್ಟು. ಬಿಳಿ ಹಾಳೆ ಎದುರಿಗಿಟ್ಟುಕೊಂಡು ಏನು ಬರೆಯಲಿ ಅಂತ ಕೂತರೆ ಯಾರಿಗಾದರೂ ಕೈ ನಡುಗುತ್ತದೆ. ನನಗೂ ನಡುಗುತ್ತದೆ. ಆದರೆ ಒಂದು ಚೂರು ಕಾಗದ ಎತ್ತಿಕೊಂಡರೆ ಅದರಲ್ಲಿ ಆಗಲೇ ಬಣ್ಣವಿದೆ, ಅಂಚಿದೆ, ಒಂದೆರಡು ಅಕ್ಷರವಿದೆ. ನೀವು ಮಾಡಬೇಕಾದದ್ದು ಅದನ್ನು ಎಲ್ಲಿ ಇಡಲಿ ಅಂತ ನೋಡುವುದು. ಅಲ್ಲಿ ಚೆನ್ನಾಗಿಲ್ಲವಾ? ಇಲ್ಲಿ ಇಡಿ.

ಕಣ್ಣೇ ಕಾಣದವರೂ ಇದನ್ನು ಮಾಡಿದ್ದಾರೆ. ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿ ದೊಡ್ಡ ದೊಡ್ಡ ಭಿತ್ತಿಚಿತ್ರ ಬರೆದವರು. ಮೊದಲಿನಿಂದಲೂ ಅವರ ದೃಷ್ಟಿ ಮಂದ. 1950ರ ದಶಕದಲ್ಲಿ ಕಣ್ಣಿನ ಆಪರೇಷನ್ ಆದ ಮೇಲೆ ಇದ್ದ ದೃಷ್ಟಿಯೂ ಹೋಯಿತು. ಅವರು ಕೆಲಸ ನಿಲ್ಲಿಸಲಿಲ್ಲ. ಬಣ್ಣದ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು. 1972ರಲ್ಲಿ ಅಲ್ಲಿನ ಕಲಾಶಾಲೆ ಕಲಾಭವನದ ಗೋಡೆಗೆ ಟೈಲ್ಸ್‌ನಲ್ಲಿ ಒಂದು ಭಿತ್ತಿಚಿತ್ರವನ್ನೂ ಮಾಡಿದರು. ಅವರ ಕಾಗದದ ಚಿತ್ರಗಳ ಫೋಟೋ ನೋಡಿದಾಗಲೆಲ್ಲ ಆ ಬೆರಳುಗಳ ಬಗ್ಗೆ ಯೋಚಿಸುತ್ತೇನೆ.

"ಈ ವಯಸ್ಸಿಗೆ ಯಾಕೆ?" ಅನ್ನುವವರೂ ಇದ್ದಾರೆ. ಇಂಗ್ಲೆಂಡಿನ ಮೇರಿ ಡೆಲಾನಿ ಕಾಗದದ ಹೂಗಳನ್ನು ಕತ್ತರಿಸಲು ಶುರು ಮಾಡಿದಾಗ ಆಕೆಗೆ 72 ವರ್ಷ. ಕಪ್ಪು ಹಾಳೆಯ ಮೇಲೆ ಒಂದೊಂದೇ ಎಸಳು, ಒಂದೊಂದೇ ಕೇಸರ. ಕೆಲವದರಲ್ಲಿ ನಿಜವಾದ ಎಲೆಯನ್ನೇ ಅಂಟಿಸಿದ್ದಾರೆ. ಆಕೆ ಮಾಡಿದ 985 ಹೂಗಳು ಇವತ್ತಿಗೂ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಇನ್ನು ಟಿಕೆಟ್ ವಿಷಯ. ನನ್ನ ಪುಸ್ತಕದಲ್ಲಿ ಜಾಸ್ತಿ ಇರುವುದು ಅದೇ. ಜರ್ಮನಿಯ ಹ್ಯಾನೋವರ್ ಊರಿನ ಕುರ್ಟ್ ಶ್ವಿಟರ್ಸ್ ಮೊದಲ ಮಹಾಯುದ್ಧ ಮುಗಿದ ಮೇಲೆ ಟ್ರಾಮ್ ಟಿಕೆಟ್, ಹರಿದ ಜಾಹೀರಾತು, ಬಟ್ಟೆ, ಮರದ ಚೂರುಗಳನ್ನೆಲ್ಲ ಅಂಟಿಸಿ ಚಿತ್ರ ಮಾಡುತ್ತಿದ್ದರು. ಒಂದು ಬ್ಯಾಂಕಿನ ಜಾಹೀರಾತಿನಿಂದ ಕತ್ತರಿಸಿದ ಅರ್ಧ ಪದ 'ಮೆರ್ತ್ಸ್'. ತಮ್ಮ ಕಲೆಗೆಲ್ಲ ಅದನ್ನೇ ಹೆಸರಾಗಿ ಇಟ್ಟುಕೊಂಡರು. 1940ರಲ್ಲಿ ಬ್ರಿಟಿಷರು ಅವರನ್ನು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಕೂಡಿಹಾಕಿದಾಗ ಉಳಿದ ಗಂಜಿಯಿಂದ ಮೂರ್ತಿ ಮಾಡಿದರು. ಸಾಮಾನು ಸಿಗುವುದು ಕಷ್ಟವಿತ್ತು, ಗಂಜಿ ಸಿಕ್ಕಿತು.

ನಮ್ಮ ಈಗಿನ ಬಸ್ ಟಿಕೆಟ್ ಥರ್ಮಲ್ ಕಾಗದದ್ದು. ಶಾಖ ತಾಗಿದರೆ ಕಪ್ಪಾಗುವ ಕಾಗದ. ಅದು ನನಗೆ ತಿಳಿದದ್ದು ಒಂದು ಅವಘಡದಲ್ಲಿ. ಶಿರಸಿಗೆ ಹೋಗಿ ಬಂದ ದಿನದ ಹಾಳೆ ಮುದುರಿತ್ತು. ಸರಿ ಮಾಡೋಣ ಅಂತ ಇಸ್ತ್ರಿ ಪೆಟ್ಟಿಗೆ ಇಟ್ಟೆ. ಎತ್ತಿ ನೋಡಿದರೆ ಟಿಕೆಟ್ ಪೂರ್ತಿ ಕಪ್ಪು. ಊರಿನ ಹೆಸರಿಲ್ಲ, ದಿನಾಂಕವಿಲ್ಲ. ಹೊಟ್ಟೆ ಉರಿಯಿತು. ಮಾರನೇ ದಿನ ನೋಡಿದಾಗ ಅದು ಘಟ್ಟದ ರಾತ್ರಿಯ ಹಾಗೆ ಕಂಡಿತು. ಪಂಚಿಂಗ್ ಮಷಿನ್‌ನಿಂದ ಬಿದ್ದಿದ್ದ ಬಿಳಿ ಚುಕ್ಕಿಗಳನ್ನು ಅದರ ಮೇಲೆ ಅಂಟಿಸಿದೆ. ಆಮೇಲೆ ಇದೇ ಆಟವಾಯಿತು. ಚಮಚದ ಹಿಡಿಯನ್ನು ಬಿಸಿ ನೀರಲ್ಲಿ ಅದ್ದಿ, ಒರೆಸಿ, ಟಿಕೆಟ್ ಮೇಲೆ ಎಳೆದರೆ ಬೂದು ಗೆರೆ ಮೂಡುತ್ತದೆ. ಉಗುರಿನಿಂದ ಜೋರಾಗಿ ಉಜ್ಜಿದರೂ ಮೂಡುತ್ತದೆ. ಪೆನ್ಸಿಲ್ ಹಿಡಿದರೆ ಹೆದರುವ ಮಕ್ಕಳು ಇದನ್ನು ಅರ್ಧ ಗಂಟೆ ಸುಮ್ನೆ ಕೂತು ಮಾಡುತ್ತಾರೆ.

ಸಾಮಾನು ಏನು ಬೇಕು ಅಂತಲೂ ಕೇಳುತ್ತಾರೆ. ಮೈದಾ ಅಂಟು ಸಾಕು. ಒಂದು ಚಮಚ ಮೈದಾಕ್ಕೆ ಐದಾರು ಚಮಚ ನೀರು, ಸಣ್ಣ ಉರಿ, ಗಂಟಾಗದ ಹಾಗೆ ತಿರುವುತ್ತಾ ಇರಿ. ಬೇಕಾದಷ್ಟೇ ಮಾಡಿ, ಇಟ್ಟರೆ ಹಳಸುತ್ತದೆ. ಕಾಗದಕ್ಕೆ ಅಂಟು ಹಚ್ಚಿ ಒಂದು ನಿಮಿಷ ಬಿಡಿ, ಅದು ನೆನೆದು ಹಿಗ್ಗಲಿ. ಆಮೇಲೆ ಇಟ್ಟು ನಡುವಿನಿಂದ ಹೊರಗೆ ಒತ್ತಿ. ರಾತ್ರಿ ಭಾರದ ಕೆಳಗಿಡಿ. ಆಗ ಸುಕ್ಕು ಬಹಳ ಕಡಿಮೆ. ಮೊದಲ ಸಲ ಮೂರೇ ಚೂರು ತೆಗೆದುಕೊಳ್ಳಿ. ಜಾಸ್ತಿ ಇದ್ದರೆ ತಲೆ ಕೆಡುತ್ತದೆ.

ಇದನ್ನು ಮಾರುತ್ತೀಯಾ ಅಂದರೆ, ಇಲ್ಲ. ಕೌದಿಯನ್ನು ಅಜ್ಜಿ ಮಾರಲಿಲ್ಲ, ಹೊದೆಸಿದಳು. ನಾನು ಹಾಳೆಗಳನ್ನು ನೋಡೋಕೆ ಇಟ್ಟುಕೊಂಡಿದ್ದೇನೆ. ಕೆಲಸದಿಂದ ಬಂದು ಚಪ್ಪಲಿ ಬಿಟ್ಟಾಗ ಮನಸ್ಸು ಎಲ್ಲೋ ಇರುತ್ತದೆ. ಈ ಮೇಜಿನ ಮುಂದೆ ಕೂತು ನೀಲಿ ಚೂರಿಗೆ ಜೊತೆ ಹುಡುಕುವಾಗ ಅದು ಮನೆಗೆ ಬರುತ್ತದೆ. ಆ ಖುಷಿಯನ್ನು ಇದಕ್ಕಿಂತ ಚೆನ್ನಾಗಿ ಹೇಳೋಕೆ ನನಗೆ ಬರುವುದಿಲ್ಲ.

ಹೋದ ವಾರ ನಮ್ಮ ಓಣಿಯ ಅಕ್ಕ ಒಬ್ಬರು ಬಂದಿದ್ದರು. ಅದೇ ಪ್ರಶ್ನೆ. "ನನಗ ಒಂದ ಗೆರಿ ಎಳಿಯಾಕ ಬರೂದಿಲ್ಲವಾ, ಇದೆಲ್ಲ ನನ್ನ ಕೈಲೆ ಎಲ್ಲಿ ಆಗತದ?" ನಾನು ಏನೂ ಹೇಳಲಿಲ್ಲ. ಲಗ್ನಪತ್ರಿಕೆಯ ಕೆಂಪು ಚೂರು, ಒಂದು ಅಂಗಿ ಗುಂಡಿ, ಸೀರೆ ದಡಿಯ ತುಂಡು ಅವರ ಮುಂದೆ ಇಟ್ಟು ಚಹಾ ಮಾಡಲು ಒಳಗೆ ಹೋದೆ. ಚಹಾ ತಂದಾಗ ಅವರು ಕುರ್ಚಿಯಿಂದ ಎದ್ದು, ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದರು. ಚಹಾ ತೆಗೆದುಕೊಳ್ಳಲಿಲ್ಲ.

"ತಡಿಯವಾ" ಅಂದರು. "ಈ ಗುಂಡಿ ಅಲ್ಲಿ ಬ್ಯಾಡ."