ಲೆವೆಲ್ 5, ವಾರಕ್ಕೆ ಆರು ಗಂಟೆ

ಅಕ್ಟೋಬರ್ 2023

ಮಿಲ್ಟನ್ ಕೀನ್ಸ್ ಹತ್ತಿರದ ಗೋದಾಮೊಂದರಲ್ಲಿ ನಾನು ಶಿಫ್ಟ್ ಮ್ಯಾನೇಜರ್. ಕಳೆದ ತಿಂಗಳಿಂದ ಅಪ್ರೆಂಟಿಸ್ ಕೂಡ, ಅಂದರೆ ಕೆಲಸದಲ್ಲಿದ್ದುಕೊಂಡೇ ಕೋರ್ಸ್ ಮಾಡುವವಳು: ಆಪರೇಷನ್ಸ್ ಮ್ಯಾನೇಜರ್, ಲೆವೆಲ್ 5 (ಡಿಗ್ರಿಗಿಂತ ಒಂದು ಮೆಟ್ಟಿಲು ಕೆಳಗೆ). ‘ಅದು ಐಟಿಐ ಹುಡುಗ್ರು ಮಾಡೋದಲ್ವೇನಮ್ಮಾ?’ ಅಂತ ದಾವಣಗೆರೆಯಿಂದ ಅತ್ತೆ ಕೇಳಿದರು. ಇಂಗ್ಲೆಂಡಿನಲ್ಲಿ ಇದಕ್ಕೆ ವಯಸ್ಸಿನ ಮೇಲ್ಮಿತಿಯಿಲ್ಲ. ಫೀಸೂ ನನ್ನ ಕೈಯಿಂದಲ್ಲ. ವರ್ಷಕ್ಕೆ 30 ಲಕ್ಷ ಪೌಂಡಿಗಿಂತ ಹೆಚ್ಚು ಸಂಬಳ ಕೊಡುವ ಕಂಪನಿಗಳು ಅದಕ್ಕೂ ಮೇಲಿನ ಮೊತ್ತದ ಶೇ 0.5ರಷ್ಟನ್ನು ಲೆವಿಯಾಗಿ ಕಟ್ಟಬೇಕು. 2017ರಿಂದ ಈ ನಿಯಮ. ಆ ದುಡ್ಡನ್ನು 24 ತಿಂಗಳೊಳಗೆ ತರಬೇತಿಗೆ ಬಳಸದಿದ್ದರೆ ಹೋದಂತೆಯೇ. ನಮ್ಮ ಎಚ್‌ಆರ್‌ಗೆ ನನ್ನ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆ ಉಕ್ಕಿದ್ದು ಇದಕ್ಕೇ ಇರಬೇಕು. ಈ ಕೋರ್ಸಿಗೆ ಆ ಲೆವಿ ದುಡ್ಡಿನಿಂದ 7,000 ಪೌಂಡ್‌ವರೆಗೆ ತೆಗೆಯಬಹುದು.

ಜನವರಿ 2024

ವಾರಕ್ಕೆ ಕನಿಷ್ಠ ಆರು ಗಂಟೆ ‘ಆಫ್ ದ ಜಾಬ್’ ಕಲಿಕೆ, ಅಂದರೆ ದಿನದ ಕೆಲಸ ಬದಿಗಿಟ್ಟು ಮಾಡುವ ಓದು, ಕಡ್ಡಾಯ, ಅದೂ ಸಂಬಳದ ಸಮಯದಲ್ಲೇ. ಆದರೆ ಬ್ಲ್ಯಾಕ್ ಫ್ರೈಡೇಯಿಂದ ಕ್ರಿಸ್‌ಮಸ್‌ವರೆಗೆ ಗೋದಾಮಿನಲ್ಲಿ ಉಸಿರು ಬಿಡಲೂ ಪುರುಸೊತ್ತಿರಲಿಲ್ಲ. ಆ ಆರು ಗಂಟೆ ಬಂದು ಬಿದ್ದದ್ದು ನಮ್ಮ ಊಟದ ಮೇಜಿನ ಮೇಲೆ, ರಾತ್ರಿ ಮಕ್ಕಳು ಮಲಗಿದ ಮೇಲೆ. ನಮ್ಮನೆಯವರದ್ದು ಆಸ್ಪತ್ರೆಯ ಲ್ಯಾಬ್‌ನಲ್ಲಿ ಪಾಳಿ ಕೆಲಸ. ಅವರಿಗೆ ನೈಟ್ ಡ್ಯೂಟಿ ಬಿದ್ದ ವಾರ ಪುಸ್ತಕ ಮುಟ್ಟಿದ್ದೇ ಇಲ್ಲ.

ಮೂರು ತಿಂಗಳಿಗೊಮ್ಮೆ ನಾನು, ಕೋರ್ಸಿನ ಕೋಚ್, ನನ್ನ ಮೇಲಿನ ಮ್ಯಾನೇಜರ್ ಕೂತು ರಿವ್ಯೂ ಮಾಡುತ್ತೇವೆ. ಅಲ್ಲಿ ಇದನ್ನೇ ಎತ್ತಿದೆ, ರೋಟಾ ಅಂದರೆ ಪಾಳಿ ಪಟ್ಟಿ ತೋರಿಸಿ. ‘ಬುಧವಾರ ರೋಟಾದಲ್ಲಿ ನನ್ನ ಹೆಸರಿನ ಮುಂದೆ ತರಬೇತಿ ಅಂತ ಬರೆಯಿರಿ, ನನ್ನ ಜಾಗಕ್ಕೆ ಇನ್ನೊಬ್ಬರನ್ನು ಹಾಕಿ.’ ಮ್ಯಾನೇಜರ್ ಸ್ವಲ್ಪ ಕೊಸರಾಡಿದರು, ಕೊನೆಗೆ ಒಪ್ಪಿದರು. ಸಂಸಾರ ಇದ್ದವರು ‘ಸಮಯ ಹೊಂದಿಸಿಕೊಳ್ಳಬೇಕು’ ಅಂತ ಬುದ್ಧಿ ಹೇಳುವವರು ಬೇಕಾದಷ್ಟು ಜನ. ಹೊಂದಿಸಬೇಕಾದದ್ದು ರೋಟಾವನ್ನು.

ಜೂನ್ 2024

ಬುಧವಾರಗಳು ದಕ್ಕುತ್ತಿವೆ. ಈಗಿನ ಪೀಡೆ ಗಣಿತ. ಕೊನೆಯ ಪರೀಕ್ಷೆಗೆ ಕೂರಬೇಕಾದರೆ ಇಂಗ್ಲಿಷ್, ಗಣಿತ ಎರಡರಲ್ಲೂ ಲೆವೆಲ್ 2 (ಹೆಚ್ಚುಕಡಿಮೆ ನಮ್ಮ ಎಸ್ಸೆಸ್ಸೆಲ್ಸಿ ಮಟ್ಟ) ತೋರಿಸಬೇಕು. ಹೊರದೇಶದ ಅಂಕಪಟ್ಟಿಯನ್ನು ಇಲ್ಲಿನ ಮಟ್ಟಕ್ಕೆ ಹೋಲಿಸಿ ಬರೆದುಕೊಡಲು ಯುಕೆ ಎನಿಕ್ ಎಂಬ ಸಂಸ್ಥೆಯಿದೆ. ಆದರೆ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಊರಿನ ಯಾವ ಟ್ರಂಕಿನ ತಳದಲ್ಲಿದೆಯೋ! ಅದನ್ನು ಹುಡುಕಿಸುವುದಕ್ಕಿಂತ ಪರೀಕ್ಷೆ ಬರೆಯುವುದೇ ಸಲೀಸು. ಈ ಓದು ಆ ಆರು ಗಂಟೆಯ ಲೆಕ್ಕಕ್ಕೆ ಸೇರುವುದಿಲ್ಲ. ಬಡ್ಡಿ, ಶೇಕಡಾ ಎಲ್ಲ ನೆನಪಿದೆ. ಸ್ಟೋನು, ಪೌಂಡು, ಔನ್ಸುಗಳೇ ತಲೆ ತಿನ್ನುತ್ತವೆ.

ಮಗ ನಾಲ್ಕನೇ ಇಯರ್. ಇದೇ ತಿಂಗಳು ಅವನಿಗೂ ಮಗ್ಗಿ ಪರೀಕ್ಷೆ: ಕಂಪ್ಯೂಟರಿನಲ್ಲಿ 25 ಪ್ರಶ್ನೆ, ಪ್ರತಿಯೊಂದಕ್ಕೂ ಆರೇ ಸೆಕೆಂಡು. ‘ಏಳೆಂಟ್ಲೆ ಐವತ್ತಾರು’ ಅಂತ ಅಜ್ಜಿ ಫೋನಿನಲ್ಲಿ ಹೇಳಿಕೊಟ್ಟ ಧಾಟಿಯಲ್ಲೇ ಗುನುಗುತ್ತಾ ಟೈಪ್ ಮಾಡುತ್ತಾನೆ. ನನಗಿಂತ ಅವನೇ ಚುರುಕು.

ನವೆಂಬರ್ 2024

ಗಣಿತ ಪಾಸು. ಇಂಗ್ಲಿಷೂ ಆಯಿತು.

ಈ ಬಾರಿಯ ಅಸೈನ್‌ಮೆಂಟ್ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ ಮೇಲೆ. ತಂಡವೊಂದು ಕೂಡುತ್ತದೆ, ಜಗಳವಾಡುತ್ತದೆ, ಹೊಂದಿಕೊಳ್ಳುತ್ತದೆ, ಆಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ 1965ರಲ್ಲಿ ಅವರು ಹೇಳಿದ್ದು. ಓದಲು ಚೆನ್ನ. ಆದರೆ ನನ್ನ ಶಿಫ್ಟಿನಲ್ಲಿ ಸೀಸನ್ ಶುರುವಾದರೆ ಅರ್ಧ ಜನ ಏಜೆನ್ಸಿಯವರು. ಈ ವಾರ ಸ್ಕ್ಯಾನರ್ ಹಿಡಿಯಲು ಕಲಿತವರು ಮುಂದಿನ ವಾರ ಇರುವುದಿಲ್ಲ. ತಂಡ ಮೊದಲ ಮೆಟ್ಟಿಲಿಗೆ ಮತ್ತೆ ಮತ್ತೆ ಬಂದು ನಿಲ್ಲುತ್ತದೆ. ಹಾಗಾದರೆ ಮ್ಯಾನೇಜರ್ ಮಾಡಬೇಕಾದ್ದೇನು? ಮೊದಲ ಮೆಟ್ಟಿಲನ್ನೇ ಚಿಕ್ಕದು ಮಾಡುವುದು ಅಂತ ಬರೆದೆ. ಹೊಸಬರಿಗೆ ಮೊದಲ ಗಂಟೆಯಲ್ಲಿ ಯಾರು, ಏನು, ಯಾವ ಸಾಲಿನಲ್ಲಿ ತೋರಿಸಬೇಕು ಎಂಬ ಒಂದು ಪುಟ ಮಾಡಿ, ಹಳಬರೊಬ್ಬರನ್ನು ಜೊತೆಗೆ ಹಾಕಿದೆ. ಈ ಕೋರ್ಸಿನಲ್ಲಿ ನನಗೆ ನಿಜಕ್ಕೂ ರುಚಿಸಿದ ಭಾಗ ಇದು. ಆ ಪುಟ, ಟೀಮ್ ಮೀಟಿಂಗಿನ ಟಿಪ್ಪಣಿ, ಸೂಪರ್‌ವೈಸರ್ ಬರೆದುಕೊಟ್ಟ ಸಾಕ್ಷಿ ಎಲ್ಲ ಪೋರ್ಟ್‌ಫೋಲಿಯೊಗೆ, ಅಂದರೆ ಕಲಿತದ್ದಕ್ಕೆ ಪುರಾವೆ ಕೂಡಿಡುವ ಕಡತಕ್ಕೆ, ಹೋದವು.

ಫೆಬ್ರವರಿ 2025

19 ದಾಟಿದವರಿಗೆ ಇಂಗ್ಲಿಷ್, ಗಣಿತ ಬೇಕೋ ಬೇಡವೋ ಕಂಪನಿಯೇ ತೀರ್ಮಾನಿಸಬಹುದು ಅಂತ ಸರ್ಕಾರ ಈಗ ಹೇಳಿದೆ. ಈಗ! ನಮ್ಮನೆಯವರು ನಕ್ಕಿದ್ದಕ್ಕೆ ಅವತ್ತು ಪಾತ್ರೆ ಅವರದ್ದೇ.

ಅಕ್ಟೋಬರ್ 2025

ಬೇಸಿಗೆ ರಜೆಯಲ್ಲಿ ಗೇಟ್‌ವೇ, ಅಂದರೆ ಕೊನೆಯ ಪರೀಕ್ಷೆಗೆ ಸಿದ್ಧ ಎಂದು ಒಪ್ಪುವ ಹಂತ, ದಾಟಿದೆ. ಕೊನೆಯ ಪರೀಕ್ಷೆ ಎರಡು ಭಾಗ: ಒಂದು ಯೋಜನೆಯ ಪ್ರಸ್ತಾವ ಬರೆದು, ಮಂಡಿಸಿ, ಪ್ರಶ್ನೆಗಳಿಗೆ ಉತ್ತರಿಸುವುದು ಮೊದಲನೆಯದು, ಪೋರ್ಟ್‌ಫೋಲಿಯೊ ಮುಂದಿಟ್ಟುಕೊಂಡು ಚರ್ಚೆ ಎರಡನೆಯದು. ನನ್ನ ಪ್ರಸ್ತಾವ ಶಿಫ್ಟ್ ಬದಲಾಗುವ ಹೊತ್ತಿನ ಹಸ್ತಾಂತರದ ಬಗ್ಗೆ. ಖರ್ಚಿನ ಲೆಕ್ಕವನ್ನು ಪರೀಕ್ಷಕರು ಚೆನ್ನಾಗಿ ಜಾಲಾಡಿದರು.

ಪಾಸು. ಡಿಸ್ಟಿಂಕ್ಷನ್ ಅಲ್ಲ. ಲೆವೆಲ್ 6 ಡಿಗ್ರಿಗೆ ಸೇರುತ್ತೀಯಾ ಅಂತ ಎಚ್‌ಆರ್ ಆಗಲೇ ಕೇಳಿದ್ದಾರೆ. ರೋಟಾದಲ್ಲಿ ಮೊದಲೇ ಬರೆದುಕೊಟ್ಟರೆ ಯೋಚಿಸುತ್ತೇನೆ ಎಂದಿದ್ದೇನೆ. ಸದ್ಯಕ್ಕೆ ಮಗನ ಸೆಕೆಂಡರಿ ಶಾಲೆಯ ಅರ್ಜಿ ಬಾಕಿ. 31ನೇ ತಾರೀಖು ಕಡೆಯ ದಿನ.